ಚಮನಬಿ ಬಂದರಿಗೆ ಹೋದದ್ದು

ಚಮನಬಿಗೆ ಮೆತ್ತಗೆ ಮಾತಾಡಲು ಬರುತ್ತಿರಲಿಲ್ಲ. ಬೋರಗಾಂವದ ನಮ್ಮ ಓಣಿಯಲ್ಲಿ ಅದು ಯಾರಿಗೂ ಬರುವುದಿಲ್ಲ. ಎರಡೂ ಬದಿಗೆ ಪವರ್‌ಲೂಮಿನ ಶೆಡ್ಡುಗಳು. ಬೆಳಗಾದರೆ ಖಟಾಖಟ್ ಶುರುವಾಯಿತೆಂದರೆ, ಒಂದು ಚಮಚ ಉಪ್ಪು ಕೇಳುವುದಿದ್ದರೂ ಕೂಗಿಯೇ ಕೇಳಬೇಕು. ನಾನು ಶೇಡಬಾಳದಿಂದ ಮದುವೆಯಾಗಿ ಬಂದ ಹೊಸತರಲ್ಲಿ ಎದುರುಮನೆಯಲ್ಲಿ ದಿನವೂ ಜಗಳ ನಡೆಯುತ್ತದೆ ಎಂದುಕೊಂಡಿದ್ದೆ. ಒಂದು ದಿನ ತಡೆಯಲಾರದೆ ಹೋಗಿ ಬಾಗಿಲಲ್ಲಿ ಇಣುಕಿದರೆ ಚಮನಬಿ ಮಗನಿಗೆ ಉಣ್ಣಿಸುತ್ತ ನರಿಯ ಕಥೆ ಹೇಳುತ್ತಿದ್ದಳು.

“ಏನ್ ನೋಡಾಕತ್ತಿ ಬೇ ಸುಂದ್ರಾ? ಒಳಗ ಬಾ. ನರಿ ಇನ್ನಾ ಸತ್ತಿಲ್ಲ, ಸಾಯೂ ತನಕಾ ಕೂಡ್ರು,” ಎಂದಳು.

ಹಾಗೆ ಕೂತವಳು ಮತ್ತೆ ಎದ್ದದ್ದೇ ಇಲ್ಲ ಎನ್ನಬೇಕು. ನನ್ನ ಮನೆಯ ಕೆಲಸ ಮುಗಿಯುತ್ತಲೇ ಅವಳ ಪಡಸಾಲೆಗೆ ಹೋಗುತ್ತಿದ್ದೆ. ಅವಳು ಚರಕದ ಮುಂದೆ ಕೂತು ಮಗ್ಗಕ್ಕೆ ಬೇಕಾದ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಕೈಗೂ ಬಾಯಿಗೂ ಸಂಬಂಧವೇ ಇಲ್ಲ. ಎರಡೂ ತಮ್ಮಷ್ಟಕ್ಕೆ ನಡೆಯುತ್ತಿದ್ದವು. ಅವಳ ಅತ್ತೆ ಹಾಜಿರಾಬಿ ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತ, “ಈಕಿ ಬಾಯಿಗೆ ಒಂದ್ ಮೋಟಾರ್ ಕೂಡ್ಸಿದ್ರ ಬಾಹುಬಲಿ ಅಣ್ಣಾರಿಗೆ ಕರೆಂಟ್ ಉಳೀತಿತ್ತ,” ಎನ್ನುತ್ತಿದ್ದಳು. ಬಾಹುಬಲಿ ಅಣ್ಣ ಎಂದರೆ ಓಣಿಯ ತುದಿಯ ಮಗ್ಗಗಳ ಮಾಲೀಕರು. ಚಮನಬಿ ನೂಲು ಸುತ್ತುತ್ತಿದ್ದದ್ದು ಅವರಿಗೇ.

ಅವಳ ಗಂಡ ಅಲ್ಲಾಬಕ್ಷನೂ ಮೊದಲು ಆ ಮಗ್ಗಗಳಲ್ಲೇ ಇದ್ದ. ನಂತರ ಮುಂಬಯಿಯಲ್ಲಿ ಸೋದರಮಾವನ ಇಸ್ತ್ರಿ ಅಂಗಡಿಗೆ ಹೋದ. ಅಲ್ಲಿಂದ ಯಾರದೋ ಕೈ ಹಿಡಿದು ಹಡಗು ಸೇರಿದ. ಅದು ಸಾಮಾನು ಹೊರುವ ಹಡಗಲ್ಲ. ಪರದೇಶದ ಶ್ರೀಮಂತರು ಊರೂರು ನೋಡುತ್ತ ನೀರಿನ ಮೇಲೆ ತಿರುಗುವ ಹಡಗು. ಹಗಲೋ ಸಂಜೆಯೋ ಒಂದು ಬಂದರಿನಲ್ಲಿ ನಿಲ್ಲುವುದು, ಮಂದಿ ಇಳಿದು ಊರು ನೋಡುವುದು, ಹತ್ತುವುದು, ಮುಂದಿನ ಊರು. ಅಲ್ಲಾಬಕ್ಷನ ಕೆಲಸ ಹಡಗಿನ ತಳದ ಲಾಂಡ್ರಿಯಲ್ಲಿ. ಮೊದಲ ಸಲ ಅವನು ಫೋನು ಮಾಡಿದಾಗ ಚಮನಬಿ, “ಸಮುದ್ರ ಹೆಂಗೈತ್ರಿ?” ಎಂದು ಕೂಗಿ ಕೇಳಿದ್ದಳಂತೆ. “ಸಮುದ್ರ ಎಲ್ಲೈತಿ ಬೇ, ನಾ ಬರೇ ಚಾದರ ಕಂಡೇನಿ,” ಎಂದನಂತೆ. ಅದನ್ನು ಅವಳು ಓಣಿಯ ತುಂಬ ಹೇಳಿ ನಗಿಸಿದ್ದಳು.

ಅವನು ಹೊರಟಾಗ ಮಗ ಮೈಬೂಬನಿಗೆ ಮೂರು ವರ್ಷ. ಕರಾರು ಮುಗಿಯುವ ಹೊತ್ತಿಗೆ ಇನ್ನೊಂದು ಕರಾರಿಗೆ ಹೆಬ್ಬೆಟ್ಟು ಒತ್ತಿದ. ಮನೆಗೆ ತಗಡು ತೆಗೆದು ಹೆಂಚು ಬಂತು. ಮೈಬೂಬ ಐದಕ್ಕೆ ಬಿದ್ದ. ಓಣಿಯ ಹುಡುಗರೆಲ್ಲ ಸೈಕಲ್ ಟೈರು ಓಡಿಸಿದರೆ ಇವನು ಒಂದು ಮುರುಕು ಡಬ್ಬಿಯನ್ನು ಗಟಾರದಲ್ಲಿ ತೇಲಿಬಿಟ್ಟು, “ನಮ್ಮಪ್ಪಾ ಹೊಂಟಾನು ಸರೀರಿ,” ಎಂದು ಕೂಗುತ್ತಿದ್ದ. ಅವನದೂ ಮಗ್ಗದವರ ದನಿಯೇ.

ತೊಂಬತ್ತನಾಲ್ಕರಲ್ಲಿ, ಮಿರಗದ ಮಳೆ ಕೂಡುವ ಹೊತ್ತಿಗೆ, ಮೊಹರಮ್ಮಿನ ಮುಂದೆ, ಹುಡುಗನಿಗೆ ಜ್ವರ ಬಂತು. ತಲೆ ನೋಯುತ್ತದೆ ಎಂದು ಅತ್ತ. ನಿಪ್ಪಾಣಿಗೆ ಒಯ್ದರು. ಜ್ವರ ಮಿದುಳಿಗೆ ಏರಿದೆ ಎಂದರು. ಎರಡು ದಿನ. ಮೂರನೆಯ ದಿನ ನಮ್ಮವರೇ ಟೆಂಪೋದಲ್ಲಿ ಅವನನ್ನು ಊರಿಗೆ ತಂದರು. ನಾನು ಆಗ ಹಸಿ ಬಾಣಂತಿ. ಎದುರುಮನೆಗೆ ಹೋಗಲು ನನ್ನನ್ನು ಬಿಡಲಿಲ್ಲ. ಕಿಟಕಿಯಿಂದ ನೋಡಿದೆ. ಬಾಹುಬಲಿ ಅಣ್ಣ ಆ ದಿನ ಮಗ್ಗ ನಿಲ್ಲಿಸಿದ್ದರು. ಅಂಥ ಸುಮ್ಮನಿದ್ದ ಓಣಿಯಲ್ಲಿ ಚಮನಬಿಯ ದನಿ ಮಾತ್ರ ಕೇಳಲಿಲ್ಲ. ಅವಳು ಅಳಲೇ ಇಲ್ಲ ಎಂದು ಹೆಂಗಸರು ಬಂದು ಹೇಳಿದರು.

ಅಲ್ಲಾಬಕ್ಷನಿಗೆ ಹೇಳಬಾರದೆಂದು ಹಾಜಿರಾಬಿ ಪಟ್ಟು ಹಿಡಿದಳು. “ನೀರಿನ ಮ್ಯಾಲ ಇರಾಂವ ಅದಾನ. ಕೇಳಿದ ಕೂಡ್ಲೆ ಎದಿ ಒಡಕೊಂಡು ಹಾರಿದ್ರ ಹಿಡ್ಯಾಕ ಯಾರದಾರ ಅಲ್ಲಿ? ಮೊಮ್ಮಗನ್ನ ಕೊಟ್ಟೇನಿ, ಮಗನ್ನ ಕೊಡಂಗಿಲ್ಲ ನಾ.” ಯಾರೂ ಎದುರಾಡಲಿಲ್ಲ. ಓಣಿಗೆ ಇದ್ದದ್ದು ಬಾಹುಬಲಿ ಅಣ್ಣನ ಗಾದಿಯ ಮೇಲಿನ ಒಂದೇ ಫೋನು. ಅಲ್ಲಾಬಕ್ಷನ ಫೋನು ಬಂದಾಗ ಅವರು, “ಎಲ್ಲಾರೂ ಆರಾಮ ಅದಾರಪಾ, ಹುಡುಗ ಸಾಲಿಗೆ ಹೋಗ್ಯಾನ,” ಎಂದು ಹೇಳಿ ಇಟ್ಟುಬಿಟ್ಟರು. ಆ ದಿನ ಅವರು ಊಟಕ್ಕೆ ಏಳಲಿಲ್ಲವೆಂದು ಅವರ ಹೆಂಡತಿ ಜಿನಮತಿ ನನಗೆ ಹೇಳಿದಳು.

ಹೀಗೇ ಆರು ತಿಂಗಳು ಹೋಯಿತು. ಚಮನಬಿ ನೂಲು ಸುತ್ತುತ್ತಿದ್ದಳು. ಈಗ ಕೈ ಮಾತ್ರ ನಡೆಯುತ್ತಿತ್ತು. ನನ್ನ ಕೂಸನ್ನು ಒಯ್ದು ಅವಳ ಮುಂದೆ ಮಲಗಿಸಿದರೆ ಸೆರಗಿನಿಂದ ನೊಣ ಓಡಿಸುತ್ತಿದ್ದಳು, ಎತ್ತಿಕೊಳ್ಳುತ್ತಿರಲಿಲ್ಲ.

ಜನವರಿಯಲ್ಲಿ ಒಂದು ಮಧ್ಯಾಹ್ನ ಬಾಹುಬಲಿ ಅಣ್ಣ ಅವಳನ್ನು ಕರೆಸಿದರು. ಕಂಡಿಕೆಯ ಬುಟ್ಟಿ ಹೊರಲು ಕೈಜೋಡಿಸಿ ನಾನೂ ಹೋಗಿದ್ದೆ.

“ನಿನ್ನ ಗಂಡಂದು ಫೋನ್ ಬಂದಿತ್ತು, ಚಮನಬಿ. ಹಡಗ ಗೋವಾಕ್ಕ ಬರತೈತಂತ. ವಾಸ್ಕೋ ಬಂದರಕ್ಕ. ಶುಕ್ರವಾರ ಸಂಜಿಕ್ಕ ಬಂದು ನಾಕ ತಾಸ ನಿಂದರತೈತಂತ. ಅವಂಗೂ ಹೊರಗ ಬಿಡ್ತಾರಂತ. ನಿಮ್ಮನ್ನ ಬಾ ಅಂದಾನ.”

ಅವರ ಮುಖದಲ್ಲಿ ಒಂದು ಹುರುಪಿತ್ತು. ಹಡಗಿನ ಮಂದಿಗೆ ಪ್ರತಿ ಊರಿಗೂ ಒಂದು ಹಾಳೆ ಕೊಡುತ್ತಾರಂತೆ, ಈ ಊರಲ್ಲಿ ಒಂದು ಸಂಜೆ ಹೇಗೆ ಕಳೆಯಬೇಕು ಎಂದು. ಅಲ್ಲಾಬಕ್ಷ ಅದನ್ನು ಲಾಂಡ್ರಿಯ ಮೇಸ್ತ್ರಿಯ ಕೈಯಲ್ಲಿ ಓದಿಸಿ, ತನಗೆ ಬೇಕಾದದ್ದನ್ನು ಆರಿಸಿ, ಫೋನಿನಲ್ಲಿ ಹೇಳಿದ್ದ. ಅವರು ಬೆರಳು ಮಡಚುತ್ತ ಒಪ್ಪಿಸಿದರು.

“ಮೊದಲಿಗೆ ಗೇಟಿನಿಂದ ಹಡಗ ತೋರ್ಸೂದಂತ, ಏಳ ಮಾಳಗಿದ್ದು. ಆಮ್ಯಾಲ ಪ್ಯಾಟ್ಯಾಗ ಒಂದ ಟೊಪ್ಪಿಗಿ ಕೊಡ್ಸೂದಂತ. ಅಲ್ಲೇ ಒಂದ ದೊಡ್ಡ ಚರ್ಚ್ ಐತಂತ. ಆಮ್ಯಾಲ ಇಷ್ಟಗಲ ಲಾಂಚ್ ಐತೆಲ್ಲಾ, ಅದರಾಗ ಆ ದಂಡಿಗೆ ಹೋಗಿ ಬರೂದಂತ. ಕಡೀಕ ಹುಡುಗಂದು ಸಮುದ್ರದಾಗ ಕಾಲ...”

ಕಿರುಬೆರಳು ಅರ್ಧ ಮಡಚಿದ್ದು ಹಾಗೇ ನಿಂತಿತು. ಅವರು ಅದನ್ನು ಬಿಡಿಸಲೂ ಇಲ್ಲ, ಮಡಚಲೂ ಇಲ್ಲ. ಹೇಳುವ ಭರದಲ್ಲಿ, ಈ ಸಂಜೆ ಯಾರಿಗಾಗಿ ಎಂಬುದನ್ನೇ ಮರೆತಿದ್ದರು.

“ಕಾಲ ತೋಯ್ಸೂದು,” ಎಂದು ಚಮನಬಿಯೇ ಮುಗಿಸಿದಳು. “ನಾ ಹೊಕ್ಕೇನ್ರಿ ಅಣ್ಣಾರ.”

ಹಾಜಿರಾಬಿ ಬೇಡವೆಂದು ಎದೆ ಬಡಿದುಕೊಂಡಳು. ಚಮನಬಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಹೇಳಿದ್ದನ್ನು ನಾನು ಮರೆಯುವುದಿಲ್ಲ.

“ಇನ್ನ ಎಷ್ಟ್ ದಿನಾ ಮುಚ್ಚಿಡ್ತೀ ಅತ್ತೀ? ಕರಾರ ಮುಗಿಸಿ ಬರ್ತಾನ. ನಿಪ್ಪಾಣಿ ಸ್ಟ್ಯಾಂಡಿನ್ಯಾಗ ಇಳದ ಕೂಡ್ಲೆ ಯಾವನರ ಒಬ್ಬಾಂವ, ‘ಹುಡುಗ ಹಂಗಾಗಬಾರದಿತ್ತಲೇ’ ಅಂತಾನ. ಕೈಯಾಗ ಆಟದ ಸಾಮಾನ ಹಿಡಕೊಂಡ ನಿಂತಿರತಾನ ನಿನ್ನ ಮಗಾ. ಅದು ಬ್ಯಾಡ. ನನ್ನ ಬಾಯಿಂದ ಗೊತ್ತಾಗ್ಲಿ. ಬಾಜೂಕ ಕುಂತು ಮೆತ್ತಗ ಹೇಳತೇನಿ. ಹೇಳಿ ಹಿಡಕೋತೇನಿ. ನಾಕ ತಾಸ ಐತೆಲ್ಲಾ. ಅಷ್ಟರಾಗ ಅಂವಾ ಒಂದೀಟ ಅತ್ತಿರತಾನ.”

ಹಾಜಿರಾಬಿ, “ನೀನರ ಎಲ್ಲಿ ಅತ್ತೀ ಬೇ,” ಎಂದಳು.

ನಮ್ಮವರು ನಿಪ್ಪಾಣಿಯಿಂದ ಗೋವಾಕ್ಕೆ ಕಾಯಿಪಲ್ಲೆಯ ಟೆಂಪೋ ಓಡಿಸುತ್ತಾರೆ. ಯಾವಾಗಲೂ ಅಲ್ಲಿಯ ಮಾಪಸಾಕ್ಕೆ ಹೋಗುವವರು, ಇನ್ನೊಬ್ಬ ಡ್ರೈವರನಿಗೆ ಹೇಳಿ ಆ ವಾರ ವಾಸ್ಕೋದ ಬಾಡಿಗೆ ಹಿಡಿದರು. ಒಬ್ಬಳನ್ನೇ ಕಳಿಸುವಂತಿಲ್ಲ ಎಂದು ನಾನೂ ಹೊರಟೆ. ಮೊಲೆ ಕುಡಿಯುವ ಕೂಸು ನನ್ನ ಬೆನ್ನಿಗೆ ಇದ್ದೇ ಇತ್ತು. ಗುರುವಾರ ಸಂಜೆ ಇಬ್ಬರೂ ಕೂಡಿ ರೊಟ್ಟಿ ಬಡಿದೆವು. ಶೇಂಗಾ ಚಟ್ನಿ ಕಟ್ಟಿದೆ, ಕೂಸಿಗೆ ಹಳೆ ಸೀರೆಯ ಅರಿವೆ ಹರಿದಿಟ್ಟೆ. ಚಮನಬಿ ಗಂಡನಿಗೆ ಇಷ್ಟವೆಂದು ಖೀಮಾ ಮಾಡಿ ಡಬ್ಬಿಗೆ ತುಂಬಿದಳು. ಕತ್ತಲಾದ ಮೇಲೆ ಟೆಂಪೋ ಹತ್ತಿದೆವು.

“ಹಿಂದ ಕೋತಂಬ್ರಿ, ಮುಂದ ನೀವು. ಎರಡೂ ಬಾಡಬಾರದು ನೋಡ್ರಿ,” ಎಂದರು ನಮ್ಮವರು. ಚಮನಬಿ ಸಣ್ಣಗೆ ನಕ್ಕಳು. ಅಂಬೋಲಿ ಘಾಟು ಇಳಿಯುವಾಗ ನನಗೆ ವಾಂತಿಯಾಯಿತು. ಚಮನಬಿ ನನ್ನ ಮಡಿಲಿನಿಂದ ಕೂಸನ್ನು ಎತ್ತಿಕೊಂಡಳು. ಬೆಳಕು ಹರಿದಾಗಲೂ ಅದು ಅವಳ ಎದೆಯ ಮೇಲೇ ಮಲಗಿತ್ತು.

ವಾಸ್ಕೋದಲ್ಲಿ ಮಾಲು ಇಳಿಸಿ ನಮ್ಮವರು ಟೆಂಪೋದಲ್ಲೇ ಅಡ್ಡಾದರು. ನಾವಿಬ್ಬರೂ ದಂಡೆಗೆ ಹೋಗಿ ನೋಡಿದೆವು. ನೀರು ಕಣ್ಣು ಹೋದಷ್ಟು ದೂರ. ಅದಿರು ತುಂಬುವ, ಕೆಂಪು ಮಣ್ಣು ಮೆತ್ತಿದ ದೋಣಿಗಳಿದ್ದವು. ಏಳು ಮಾಳಿಗೆಯದು ಕಾಣಲಿಲ್ಲ. “ಸಂಜಿಕ್ಕ ಬರತೈತಿ ಅಂದಾನಲ್ಲ,” ಎಂದಳು. ಇಡೀ ಹಗಲು ಕೈಯಲ್ಲಿತ್ತು.

“ಸುಂದ್ರಾ, ಅಂವಾ ಬಂದ ಮ್ಯಾಲ ಜಾಗಾ ಹುಡಕೂದ ಆಗಂಗಿಲ್ಲ,” ಎಂದಳು. “ಎಲ್ಲಿ ಹೇಳೂದು, ಈಗ ನೋಡಿಟ್ಟಕೋಬೇಕು.”

ಹೀಗೆ ನಾವು ಅಲ್ಲಾಬಕ್ಷ ಆರಿಸಿದ ಜಾಗಗಳನ್ನೆಲ್ಲ ಒಂದೊಂದಾಗಿ ನೋಡುತ್ತ ಹೊರಟೆವು. ಊರು ನೋಡಲು ಬಂದವರು ಯಾರೂ ಹಾಗೆ ನೋಡಿರಲಾರರು. ಒಬ್ಬ ಅಪ್ಪನನ್ನು ಎಲ್ಲಿ ಕೂಡಿಸಿ ಮಗ ಇಲ್ಲವೆಂದು ಹೇಳಬಹುದು, ಅದಷ್ಟೇ ನಮ್ಮ ಲಕ್ಷ್ಯ.

ಪೇಟೆ ಆಗುವಂತಿರಲಿಲ್ಲ. ಸಣ್ಣ ಮಕ್ಕಳ ಟೋಪಿಗಳನ್ನು ಕೋಲಿಗೆ ತೂಗುಹಾಕಿದ್ದರು. ಅಂಗಡಿಯವನು ಮರಾಠಿಯಲ್ಲಿ, “ಯಾವ ವಯಸ್ಸಿನ ಹುಡುಗನಿಗೆ ಬಾಯಿ?” ಎಂದು ಕೇಳಿದ. ಚಮನಬಿ, “ಐದು,” ಎಂದಳು. ಅವನು ಒಂದು ನೀಲಿ ಟೋಪಿ ತೆಗೆದು ಅವಳ ಕೈಗಿತ್ತ. ಅದನ್ನು ಹೊರಳಿಸಿ, ಒಳಗಿನ ಹೊಲಿಗೆ ನೋಡಿ, ತಿರುಗಿ ಕೊಟ್ಟಳು. “ಇತ್ತಾಗ ಅವನ್ನ ಕರಕೊಂಡ ಬರೂದ ಬ್ಯಾಡ,” ಎಂದಳು ನನಗೆ.

ಲಾಂಚು ನಿಲ್ಲುವ ಕಟ್ಟೆಗೆ ಹೋದೆವು. ಮಂದಿ, ಸೈಕಲ್ಲು, ಮೀನಿನ ಬುಟ್ಟಿ ಎಲ್ಲ ಒಟ್ಟಿಗೆ ಹತ್ತುತ್ತಿದ್ದವು. ಅಂಚಿಗೆ ಮೊಣಕಾಲೆತ್ತರದ ಒಂದು ಸರಪಳಿ ಮಾತ್ರ. ಅವಳು ಅದನ್ನು ನೋಡುತ್ತ ನಿಂತಳು. “ನಮ್ಮತ್ತಿ ಹೇಳಿದ್ದ ಖರೇ ಆದೀತು ಇಲ್ಲಿ,” ಎಂದಳು. ನನಗೂ ಹಾಗೇ ಅನಿಸಿತು.

ಸಮುದ್ರದ ಉಸುಕಿನ ಮೇಲೆ ಮಕ್ಕಳಿದ್ದರು. ಎಷ್ಟು ಮಕ್ಕಳು! ಸಾಲೆ ಬಿಟ್ಟಿತ್ತೋ ಏನೋ, ಅಂಗಿ ಕಳಚಿ ನೀರಿಗೆ ಬೀಳುತ್ತಿದ್ದರು. ನಾನು ಕೂಸಿನ ಪಾದ ಅಲೆಗೆ ತಾಗಿಸಿದೆ. ಅದು ಮೊದಲು ಬೆಚ್ಚಿ ಆಮೇಲೆ ಕೇಕೆ ಹಾಕಿತು. ಆ ಕೇಕೆಗೆ ಚಮನಬಿ ಬೆನ್ನು ತಿರುಗಿಸಿದಳು. ಚಪ್ಪಲಿ ಕಳಚಲಿಲ್ಲ.

ಕೊನೆಗೆ ಚರ್ಚಿಗೆ ಬಂದೆವು. ಬಿಳಿ ಗೋಡೆ, ಮುಂದೆ ಮೆಟ್ಟಿಲು, ಬದಿಗೆ ಒಂದು ಆಲದ ಮರ. ಮೆಟ್ಟಿಲ ಮೇಲೆ ಕಪ್ಪು ಲಂಗದ ಮುದುಕಿಯೊಬ್ಬಳು ಕೂತು ಅಳುತ್ತಿದ್ದಳು. ಮಂದಿ ಅವಳ ಬದಿಯಿಂದ ಒಳಗೆ ಹೋಗುತ್ತಿದ್ದರು, ಹೊರಗೆ ಬರುತ್ತಿದ್ದರು. ಒಬ್ಬರೂ ಏನಾಯಿತು ಎಂದು ಕೇಳಲಿಲ್ಲ, ನಿಂತು ನೋಡಲಿಲ್ಲ. ಅತ್ತು ಮುಗಿದ ಮೇಲೆ ಅವಳು ಮೂಗು ಒರೆಸಿಕೊಂಡು, ಚೀಲ ಹಿಡಿದು ಎದ್ದು ಹೋದಳು.

“ಇಲ್ಲೇ,” ಎಂದಳು ಚಮನಬಿ. “ಇಲ್ಲಿ ಯಾರೂ ಯಾರಿಗೂ ಕೇಳಂಗಿಲ್ಲ.”

ಮುದುಕಿ ಎದ್ದ ಜಾಗದಲ್ಲೇ ಕೂತಳು. ಅಲ್ಲಾಬಕ್ಷ ಎಲ್ಲಿ ಕೂಡಬೇಕು, ತಾನು ಯಾವ ಬದಿಗಿರಬೇಕು ಎಂದು ನೋಡಿದಳು. ಆಮೇಲೆ ನನ್ನನ್ನು ಎಳೆದು ಅಲ್ಲಿ ಕೂಡಿಸಿದಳು.

“ನೀ ಅಂವಾ ಅಂತ ತಿಳಕೋ. ನಾ ಹೇಳತೇನಿ. ಮೆತ್ತಗ ಬರ್ತೈತೋ ಇಲ್ಲೋ ನೋಡು.”

“ಹೂಂ, ಹೇಳು.”

“ಕೇಳ್ರಿಲ್ಲೆ...” ಎಂದಳು. ಮರದ ಮೇಲಿನ ಕಾಗೆ ಹಾರಿತು. ಹೂ ಮಾರುವವಳು ತಿರುಗಿ ನೋಡಿದಳು.

“ಜೋರಾತು,” ಎಂದೆ.

“ಜೋರೇನ ಬೇ ಇದು?” ಎಂದು ಇನ್ನೂ ಜೋರಾಗಿ ಕೇಳಿದಳು. ನನಗೆ ನಗು ಬಂತು. ಅವಳಿಗೂ ಬಂತು. ಇಬ್ಬರೂ ಬಾಯಿಗೆ ಸೆರಗು ಹಿಡಿದು ನಕ್ಕೆವು. ಮೈಬೂಬ ಹೋದ ಮೇಲೆ ಅವಳು ಹಾಗೆ ನಕ್ಕದ್ದು ಅದೊಂದೇ ಸಲ. ಮತ್ತೆ ಶುರುಮಾಡಿದಳು. ಮೂರು ಸಲ, ನಾಲ್ಕು ಸಲ. ಕೂಸಿಗೆ ಜೋಗುಳ ಹೇಳುವ ಹಾಗೆ ಹೇಳು ಎಂದು ನಾನು ಕಲಿಸಿದೆ. ದನಿ ಇಳಿಯುತ್ತ ಬಂತು. ಕೊನೆಯ ಸಲ ನನ್ನ ಕೈ ಹಿಡಿದು, “ನಮ್ಮ ಮೈಬೂಬಗ ಜ್ವರ ಬಂದಿತ್ರಿ,” ಎಂದಾಗ ಅದು ನನ್ನ ಕಿವಿಗೆ ಮಾತ್ರ ಕೇಳಿಸುವಷ್ಟಿತ್ತು. ಮುಂದಿನದನ್ನು ಅವಳು ಹೇಳಲಿಲ್ಲ. “ಆತು, ಬಂತು,” ಎಂದು ಎದ್ದಳು.

ಹೊತ್ತು ಇಳಿದ ಮೇಲೆ ನಮ್ಮವರೂ ಬಂದರು. ಬಂದರಿನ ಗೇಟಿಗೆ ಹೋದೆವು. ಅವಳು ದಾರಿಯ ನಳದಲ್ಲಿ ಮುಖ ತೊಳೆದು ತಲೆ ಬಾಚಿದ್ದಳು, ಡಬ್ಬಿಯ ಮುಚ್ಚಳ ತೆಗೆದು ಖೀಮಾ ಹಳಸಿಲ್ಲವೆಂದು ಮೂಸಿ ನೋಡಿದ್ದಳು. ಗೇಟಿನ ಆಚೆ ಕ್ರೇನುಗಳಷ್ಟೇ ಇದ್ದವು. ವಾಚ್‌ಮನ್ ಸ್ಟೂಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದ. ಮಂದಿ ಊರು ನೋಡುವ ಹಡಗು ಎಷ್ಟೊತ್ತಿಗೆ ಬರುತ್ತದೆ ಎಂದು ನಮ್ಮವರು ಕೇಳಿದರು.

“ತೇ? ತೇ ಕಾಲ ಆಲಂ, ಕಾಲಚ ಗೇಲಂ,” ಎಂದ. ನಿನ್ನೆ ಬಂತು, ನಿನ್ನೆಯೇ ಹೋಯಿತು.

“ಶುಕ್ರವಾರ ಅಂತ ಹೇಳ್ಯಾರ್ರಿ.”

“ಗುರುವಾರಿ, ಗುರುವಾರಿ,” ಎಂದು ಅವನು ಕೈ ಬೀಸಿದ.

ಚಮನಬಿ ಮುಂದೆ ಬಂದಳು. “ಗುರುವಾರ?” ಎಂದಳು. ತುಟಿ ಅಲ್ಲಾಡಿದವು. ಆಮೇಲೆ ನನ್ನ ಕಡೆ ತಿರುಗಿದಳು. “ಗುರುವಾರ ಅಂದ್ರ ಜುಮೇರಾತ್. ಸುಂದ್ರಾ, ನಮ್ಮಾಂವಾ ಅಣ್ಣಾರಿಗೆ ಜುಮೇರಾತ್ ಅಂದಿರ್ಬೇಕು. ಅಂವಾ ಶುಕ್ರವಾರ ಯಾಕಂತಾನ? ನಾವು ಎಂದೂ ಶುಕ್ರವಾರ ಅನ್ನಂಗಿಲ್ಲ, ಜುಮ್ಮಾ ಅಂತೀವಿ.”

ನನಗೂ ಆಗ ಬಗೆಹರಿಯಿತು. ಮುಸಲ್ಮಾನರಲ್ಲಿ ಹೊತ್ತು ಮುಳುಗಿದರೆ ಮರುದಿನ ಶುರು. ಹಾಗಾಗಿ ಗುರುವಾರಕ್ಕೇ ಜುಮ್ಮಾದ ರಾತ್ರಿ ಎಂದು ಹೆಸರು, ಜುಮೇರಾತ್. ಬಾಹುಬಲಿ ಅಣ್ಣನ ಮಗ್ಗದ ಮುಸಲ್ಮಾನ ಹುಡುಗರು ಶುಕ್ರವಾರ ಮಧ್ಯಾಹ್ನ ಜುಮ್ಮಾ ಎಂದು ನಮಾಜಿಗೆ ಹೋಗುತ್ತಾರೆ. ಅಣ್ಣನಿಗೆ ಗೊತ್ತಿದ್ದದ್ದು ಅಷ್ಟು. ಗರಗರ ಎನ್ನುವ ಲೈನಿನಲ್ಲಿ ಜುಮ್ಮೇ ರಾತ್ ಎಂದು ಕೇಳಿ, ಚಮನಬಿಗೆ ಸಲೀಸಾಗಲಿ ಎಂದು ತಮ್ಮ ಕನ್ನಡದಲ್ಲಿ ಶುಕ್ರವಾರ ಸಂಜೆ ಮಾಡಿದ್ದರು. ಕೇಳಿದ ಮಾತನ್ನು ಹಾಗೇ ಹೇಳಿದ್ದರೆ ಅವಳಿಗೆ ತಿಳಿಯುತ್ತಿತ್ತು.

ನಾವು ರೊಟ್ಟಿ ಬಡಿಯುತ್ತಿದ್ದ ಸಂಜೆ ಅವನು ಈ ಗೇಟಿನಲ್ಲಿದ್ದ.

ವಾಚ್‌ಮನ್‌ಗೆ ಅವನ ನೆನಪಿತ್ತು. ಬಿಳಿ ಅಂಗಿಯವನು, ಎಲ್ಲಿಗೂ ಹೋಗಲಿಲ್ಲ, ಇಲ್ಲೇ ನಿಂತಿದ್ದ ಎಂದ. ಹಡಗಿನವರೆಲ್ಲ ರಿಕ್ಷಾ ಹಿಡಿದು ಪೇಟೆಗೆ, ದಂಡೆಗೆ ಹೋದರು. ಇವನನ್ನೂ ಕರೆದರು. ಹೆಂಡತಿ ಬರುತ್ತಾಳೆ, ಮಗ ಬರುತ್ತಾನೆ ಎಂದನಂತೆ. ರಸ್ತೆಯಲ್ಲಿ ಐದಾರು ವರ್ಷದ ಹುಡುಗ ಯಾರು ಹಾದುಹೋದರೂ ಹತ್ತಿರ ಹೋಗಿ ಬಗ್ಗಿ ಮುಖ ನೋಡುತ್ತಿದ್ದನಂತೆ. “ಮೀ ಮ್ಹಟಲಂ, ತುಝಾ ಮುಲಗಾ ತುಲಾಚ ಓಳಖೂ ಯೇತ ನಾಹೀ ಕಾ?” ಎಂದು ವಾಚ್‌ಮನ್ ನಕ್ಕಿದ್ದನಂತೆ, ನಿನ್ನ ಮಗನ ಗುರುತು ನಿನಗೇ ಇಲ್ಲವೇ ಎಂದು. ಎರಡು ವರ್ಷದಲ್ಲಿ ಎಷ್ಟು ಬೆಳೆದಿದ್ದಾನೋ ಗೊತ್ತಿಲ್ಲ ಎಂದನಂತೆ ಅಲ್ಲಾಬಕ್ಷ. ಸೀಟಿ ಊದಿದ ಮೇಲೆ ಓಡಿದ.

ಚಮನಬಿ ಎಲ್ಲವನ್ನೂ ಕೇಳಿಸಿಕೊಂಡಳು. ಖೀಮಾದ ಡಬ್ಬಿಯನ್ನು ವಾಚ್‌ಮನ್‌ನ ಸ್ಟೂಲಿನ ಬದಿಗೆ ಇಟ್ಟು, “ತಿನ್ರಿ, ಕೆಟ್ಟಿಲ್ಲ,” ಎಂದಳು. ಟೆಂಪೋ ಹತ್ತಿದೆವು. ಕೂಸನ್ನು ಅವಳ ಮಡಿಲಲ್ಲಿಟ್ಟೆ. ಇಟ್ಟುಕೊಂಡಳು, ಅಷ್ಟೇ.

ಬಾಹುಬಲಿ ಅಣ್ಣ ಸುದ್ದಿ ಕೇಳಿ ಗಾದಿಯ ಮೇಲೆ ಕೂತುಬಿಟ್ಟರು. “ಜುಮ್ಮಾ ಅಂದ್ರ ಶುಕ್ರವಾರ ಹೌದಲ್ಲೋ? ಹೌದಲ್ಲೋ?” ಎಂದು ಮಗ್ಗದ ಹುಡುಗರನ್ನು ಒಬ್ಬೊಬ್ಬರನ್ನೇ ಕೇಳಿದರು. ಚಮನಬಿ ಅವರನ್ನು ಬಯ್ಯಲಿಲ್ಲ. ಬೈದಿದ್ದರೆ ಅವರಿಗೆ ಹಗುರಾಗುತ್ತಿತ್ತೇನೋ. ಮರುದಿನ ನೂಲು ಇಸಿದುಕೊಂಡು ಬಂದು ಸುತ್ತಲು ಕೂತಳು.

ಸೋಮವಾರ ಮಧ್ಯಾಹ್ನ ಜಿನಮತಿ ಓಡಿ ಬಂದಳು. “ಚಮನಬಿ, ಲಗೂ ನಡಿ! ಕೊಲಂಬೋದಿಂದ ಮಾಡ್ಯಾನ. ಹತ್ತ ನಿಮಿಷಕ್ಕ ಮತ್ತ ಮಾಡತೇನಿ, ಆಕಿನ್ನ ಕರಸ್ರಿ ಅಂದಾನ.”

ನಾನು ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಹಿಂದೆಯೇ ಓಡಿದೆ. ಓಣಿ ದಾಟುವಷ್ಟರಲ್ಲಿ ಅವಳು ಒಮ್ಮೆ ನಿಂತು, “ಇವತ್ತ ಹೇಳಂಗಿಲ್ಲ ನಾ,” ಎಂದಳು. “ಫೋನಿನ್ಯಾಗ ಹೇಳಂಗಿಲ್ಲ. ಮನೀಗೆ ಬರ್ಲಿ.”

ಗಾದಿಯ ಹಿಂದಿನ ಗೋಡೆಯ ಆಚೆಗೇ ಮಗ್ಗಗಳು. ಎಲ್ಲ ಓಡುತ್ತಿದ್ದವು. ಫೋನಿನ ಗಂಟೆ ಬಾರಿಸಿತು. ಚಮನಬಿ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಳು. ನಮಗೆ ಕೇಳಿಸಿದ್ದು ಅವಳ ಮಾತು ಮಾತ್ರ.

“ಹಲೋ! ಹಾಂ, ನಾನ! ಬಂದಿದ್ವಿರಿ! ಮರದಿನಾ ಬಂದಿದ್ವಿ! ವಾರ ತಪ್ಪಿತ್ರಿ, ವಾರ!... ಯಾರದೂ ತಪ್ಪಲ್ಲ! ನೀವು ಕರದ್ರ ಬರಂಗಿಲ್ಲ ಅಂತ ಎಲ್ಲೈತಿ!... ಯಾರಿಗೆ?”

ಅವಳು ನನ್ನ ಕೂಸಿನ ಕಡೆ ನೋಡಿದಳು.

“ಮಲಗ್ಯಾನ್ರಿ!... ಮಲಗ್ಯಾನ!... ಬ್ಯಾಡ... ಎಬ್ಬಸಾಕ ಬರಂಗಿಲ್ಲ... ಏನ? ಏನ್ರಿ?... ಏಳಂಗಿಲ್ಲ! ಏಳಂಗಿಲ್ರಿ ಅಂವಾ!”

ಮಗ್ಗಗಳು ಬಡಿಯುತ್ತಲೇ ಇದ್ದವು. ಬಾಹುಬಲಿ ಅಣ್ಣನಿಗೆ ಆಗ ಹೊಳೆಯಿತು. ಅವಳಿಗೆ ಮೆತ್ತಗೆ ಮಾತಾಡಲು ಅನುವಾಗಲಿ ಎಂದು ಧೋತರ ಎತ್ತಿಕೊಂಡು ಶೆಡ್ಡಿಗೆ ಓಡಿದರು, ಮೇನ್ ಸ್ವಿಚ್ಚಿನ ಕಡೆ.

“ಕೇಳಸವಲ್ದೇನ? ಏನಂತೀರಿ?... ಮೊಹರಮ್ ಮುಂದ... ಜ್ವರಾ... ಮೊಹರಮ್, ಮೊಹರಮ್!... ಹೆಂಗ ಹೇಳ್ಲಿ ನಾ ನಿಮಗ...”

ಅವಳು ಕಣ್ಣು ಮುಚ್ಚಿ ಪೂರ್ತಿ ದನಿ ತೆಗೆದು ಕೂಗಿದಳು. ಅದೇ ಹೊತ್ತಿಗೆ ಮಗ್ಗಗಳು ಒಂದರ ಹಿಂದೆ ಒಂದು ನಿಂತವು.

“ಸತ್ತಾನ್ರಿ ಮೈಬೂಬಾ!”

ಆ ಮಾತು ಇಡೀ ಓಣಿಗೆ ಕೇಳಿಸಿತು. ಶೆಡ್ಡಿನ ಹುಡುಗರಿಗೆ ಕೇಳಿಸಿತು, ತನ್ನ ಮನೆಯ ಮೂಲೆಯಲ್ಲಿದ್ದ ಹಾಜಿರಾಬಿಗೆ ಕೇಳಿಸಿತು. ಆಮೇಲಿನ ನಿಶ್ಶಬ್ದದಲ್ಲಿ ಚಮನಬಿಯ ದನಿ ತಾನಾಗಿ ಇಳಿಯಿತು. ರಿಸೀವರಿಗೆ ಬಾಯಿ ಹಚ್ಚಿ ಕೇಳಿದಳು.

“ನೀವ ಒಬ್ಬರ ಅದೀರೇನ್ರಿ ಅಲ್ಲಿ? ಬಾಜೂಕ ಯಾರರ ಅದಾರೇನು?... ಹಲೋ... ಯಾರರ ಅದಾರೇನ್ರಿ?”

ಲೈನು ಯಾವಾಗ ಹೋಯಿತೋ. ನಾನು ರಿಸೀವರನ್ನು ಬಿಡಿಸಿ ಕಿವಿಗಿಟ್ಟರೆ ಬರೀ ಕುಂಯ್ ಎಂಬ ಸದ್ದು. ಬಾಹುಬಲಿ ಅಣ್ಣ ಬಾಗಿಲಲ್ಲಿ ಬಂದು ನಿಂತಿದ್ದರು. ಸ್ವಿಚ್ಚಿನ ಎಣ್ಣೆ ಹತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಮುಂದೆ ಹಿಡಿದಿದ್ದರು. ಆ ದಿನ ಅವಳು ಅತ್ತಳು, ಮನೆಗೆ ಹೋಗಿ, ಅತ್ತೆಯ ಮಡಿಲಲ್ಲಿ. ನಾನು ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಕೂತೆ.

ಇದನ್ನು ಬರೆಯುವಾಗ ಹೋಳಿ ಕಳೆದಿದೆ. ಆ ಸೋಮವಾರದ ನಂತರ ಅಲ್ಲಾಬಕ್ಷನ ಫೋನು ಬಂದಿಲ್ಲ. ಮುಂಬಯಿಯ ಸೋದರಮಾವನನ್ನು ಬಾಹುಬಲಿ ಅಣ್ಣ ಕೇಳಿದರು. ಹಡಗು ಎಲ್ಲೋ ಯುರೋಪಿನ ಕಡೆ ಇದೆ, ಅವನ ಸುದ್ದಿ ತಮಗೂ ಇಲ್ಲ ಎಂದರಂತೆ. ಹಾಜಿರಾಬಿ ದಿನವೂ ಒಂದೇ ಮಾತು ಕೇಳುತ್ತಾಳೆ, “ಕೇಳಿಸಿತೇನ ಅವಂಗ? ಕಡೀಕ ಏನಂದ?” ಚಮನಬಿ ಉತ್ತರ ಕೊಡುವುದನ್ನು ಬಿಟ್ಟಿದ್ದಾಳೆ.

ಮೊನ್ನೆ ಮಾತ್ರ, ಕಂಡಿಕೆಗೆ ನೂಲು ಹಚ್ಚುತ್ತ ನನಗೆ ಹೇಳಿದಳು.

“ಕೇಳಿಸಿದ್ರ ಬರಬೇಕಿತ್ತು. ಕೇಳಿಸದಿದ್ರ ಮತ್ತ ಫೋನ್ ಮಾಡಬೇಕಿತ್ತು. ಎರಡೂ ಇಲ್ಲ ನೋಡ ಸುಂದ್ರಾ.”